ವರ್ಷದ ತೊಡಕಿಗೆ ಮೊಟ್ಟೆ ಸಾರು

ಯುಗಾದಿ ಇನ್ನೇನು ಬಂತು ಅನ್ನುವಾಗ ಒಂದು ಸಂಜೆ ಚನ್ನಪ್ಪ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿಕೊಂಡು, ಒಳಗೆ ರಾಗಿ ಕೇರುತ್ತಿದ್ದ ಹೆಂಡತಿಗೆ ಕೇಳುವಂತೆ ಹೇಳಿದ.

“ಈ ಸಲ ಗುಡ್ಡೆ ಮಾಂಸಕ್ಕೆ ನಾವು ಸೇರಾಕಿಲ್ಲ ಅಂತ ಯೋಳಿ ಬಂದಿವ್ನಿ ಕಣೆ. ಕೈಯಲ್ಲಿ ಆಗಾಕಿಲ್ಲ. ತೊಡಕಿನ ದಿನಕ್ಕೆ ಒಂದ್ ಡಜನ್ ಮೊಟ್ಟೆ ತಂದು ಸಾರು ಮಾಡ್ಬುಡು.”

ಕಾಮಾಕ್ಷಮ್ಮನ ಕೈಯಲ್ಲಿದ್ದ ಮೊರ ನಿಂತಿತು. ಏನೋ ಹೇಳಲು ಬಾಯಿ ತೆರೆದವಳು, ಗಂಡನ ಬಗ್ಗಿದ ಬೆನ್ನು ನೋಡಿ ಮತ್ತೆ ಕೇರತೊಡಗಿದಳು.

ಹಳೇಕೋಟೆ ಕಡೆಯ ಊರುಗಳಲ್ಲಿ ಯುಗಾದಿ ಎಂದರೆ ಒಬ್ಬಟ್ಟಿನ ದಿನ, ಮಾರನೆಯ ದಿನ ವರ್ಷದ ತೊಡಕು. ಬೀದಿಯ ಹತ್ತಾರು ಮನೆಯವರು ಕೂಡಿ ಮರಿ ತಂದು ಕುಯ್ದು, ಬಾಳೆ ಎಲೆಯ ಮೇಲೆ ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಈಲಿ ಅನ್ನುವ ಲಿವರು, ಕರುಳಿನ ಬೋಟಿ, ಮೂಳೆ, ಕೊಬ್ಬು ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಆ ದಿನ ಏನು ಮಾಡುತ್ತೇವೋ ಏನು ಉಣ್ಣುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ಜನ ನಂಬುತ್ತಾರೆ. ಅದಕ್ಕೇ ಅವತ್ತು ಮಕ್ಕಳಿಗೆ ಹೊಡೆಯುವುದಿಲ್ಲ, ಯಾರೂ ಮಲಗಿ ಕಾಲ ಕಳೆಯುವುದಿಲ್ಲ. ಬಾಡಿನ ವಾಸನೆ ಏಳದ ಮನೆಯನ್ನು ಕಂಡರೆ ಪಾಪ ಎನ್ನುತ್ತಾರೆ.

ಕಾಮಾಕ್ಷಮ್ಮ ಊಟ ಬಲ್ಲವಳು. ಅಡಿಗೆ ಬಲ್ಲ ಹೆಂಗಸರು ಊರಿನಲ್ಲಿ ಬೇಕಾದಷ್ಟಿದ್ದರು. ಆದರೆ ತನಗಾಗಿ ಬಡಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಮುದ್ದೆಯನ್ನು ನಿಧಾನವಾಗಿ ಮುರಿದು, ಸಾರಿನ ರುಚಿಯನ್ನು ನಾಲಗೆಯ ಮೇಲೆ ಒಂದು ಗಳಿಗೆ ನಿಲ್ಲಿಸಿ ನುಂಗುವ ಹೆಂಗಸು ಅವಳೊಬ್ಬಳೇ. ಇದನ್ನು ಕಲಿಸಿದವನು ಅವಳ ಅಪ್ಪ. ಅರಕಲಗೂಡು ಕಡೆಯ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ಆತ, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕಿ ಬಂದು ಕೈ ತೊಳೆದು ಉಣ್ಣಲು ಕೂತರೆ ಹೆಣ್ಣುಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. “ಸಾರಲ್ಲಿ ಏನ್ ಕಮ್ಮಿ ಐತೆ ಯೋಳು ಮಗ” ಎಂದು ಕೇಳುತ್ತಿದ್ದ. ಹುಳಿ ಎಂದರೆ ಹುಳಿ, ಮೆಣಸು ಎಂದರೆ ಮೆಣಸು. ಮಗಳು ಸರಿಯಾಗಿ ಹೇಳಿದರೆ ತನ್ನ ತಟ್ಟೆಯ ಮೂಳೆಯೊಂದನ್ನು ಅವಳ ಕಡೆ ತಳ್ಳುತ್ತಿದ್ದ.

ಅಂಥವಳು ಹಳೇಕೋಟೆ ಕಡೆಗೆ ಸೊಸೆಯಾಗಿ ಬಂದ ಮೊದಲ ವರ್ಷದ ತೊಡಕಿನ ದಿನ, ಗಂಡಸರು ಉಂಡು, ನೆಂಟರು ಉಂಡು, ಮಕ್ಕಳು ಉಂಡು, ಕೊನೆಗೆ ಹೆಂಗಸರ ಸರದಿ ಬಂದಾಗ ಮಡಕೆಯಲ್ಲಿ ತಿಳಿ ಸಾರು ಬಿಟ್ಟು ಏನೂ ಇರಲಿಲ್ಲ. ಹೊಸ ಸೊಸೆ ಮಡಕೆಯನ್ನು ಓರೆ ಮಾಡಿ ನೋಡಿ, ಅತ್ತೆಯನ್ನು ಕೇಳಿದಳು: “ನಮ್ ಪಾಲೆಲ್ಲಿ ಓಯ್ತು?” ಆ ಒಂದು ಮಾತಿಗೆ ಅತ್ತೆ ಅವಳಿಗೆ ಹೊಟ್ಟೆಬಾಕಿ ಎಂದು ಹೆಸರಿಟ್ಟಳು. ನೀರು ಸೇದುವ ಬಾವಿಯ ಹತ್ತಿರವೂ ಆ ಹೆಸರು ಹೋಯಿತು. ಕಾಮಾಕ್ಷಮ್ಮ ಅಳಲಿಲ್ಲ, ಉಪವಾಸವೂ ಮಲಗಲಿಲ್ಲ. ಸೌಟು ತನ್ನ ಕೈಗೆ ಬಂದ ವರ್ಷದಿಂದ ಹೆಂಗಸರ ಪಾಲನ್ನು ಮೊದಲೇ ಬೇರೆ ಪಾತ್ರೆಗೆ ತೆಗೆದಿಟ್ಟಳು. ಹೆಸರಿಟ್ಟ ಅತ್ತೆಗೂ ಅದರಲ್ಲಿ ಪಾಲಿತ್ತು.

ಹೊಳೆನರಸೀಪುರದ ಸಂತೆಗೆ ಹೋದರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಖಾಲಿ ದೋಸೆ ತಿನ್ನದೆ ಅವಳು ಊರಿನ ಬಸ್ಸು ಹತ್ತಿದವಳಲ್ಲ. ಬೆಳಗೊಳಕ್ಕೆ ಹೋದಾಗ ಜಿನನಾಥಪುರದಲ್ಲಿ ಪರಿಚಯದ ಜೈನರ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಏನೂ ಸೋಕದ ತೊವ್ವೆ ಅನ್ನ ಉಂಡು, ಬರೀ ತುಪ್ಪ ಜೀರಿಗೆಯಲ್ಲಿ ಇಷ್ಟು ರುಚಿ ಹೇಗೆ ಬಂತು ಎಂದು ಚನ್ನರಾಯಪಟ್ಟಣದವರೆಗೂ ಯೋಚಿಸಿಕೊಂಡು ಬಂದಿದ್ದಳು. ಗಂಡ ನಕ್ಕಿದ್ದ. ಆಗ ಇಬ್ಬರೂ ಚಿಕ್ಕವರು, ಅವನ ನಗು ಚೆನ್ನಾಗಿಯೇ ಇತ್ತು.

ಈಗ ಕಾಲ ಬಿಗಿಯಾಗಿತ್ತು. ಚನ್ನಪ್ಪ ಗುತ್ತಿಗೆ ಭೂಮಿಯಲ್ಲಿ ಹಾಕಿದ ಶುಂಠಿಯ ಬೆಲೆ ನೆಲ ಕಚ್ಚಿತ್ತು. ಕಿತ್ತ ಕೂಲಿಯೂ ಹುಟ್ಟಲಿಲ್ಲ. ಮಗ ಮೋಹನ್‌ಕುಮಾರನ ಲಗೇಜ್ ಆಟೋಗೆ ಬಾಡಿಗೆ ಕಮ್ಮಿಯಾಗಿ, ಅರಕಲಗೂಡಿನ ಸ್ಟ್ಯಾಂಡಿನಲ್ಲಿ ನಿಂತೇ ಇರುತ್ತಿತ್ತು. ಸೊಸೆ ಆಶಾರಾಣಿ ಹಾಸನದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಲ್ಲಿಯೂ ಆರ್ಡರ್ ಇಲ್ಲವೆಂದು ವಾರದಲ್ಲಿ ಕೆಲವು ದಿನ ವ್ಯಾನೇ ಬರುತ್ತಿರಲಿಲ್ಲ. ಇದ್ದುದರಲ್ಲಿ ತೆಂಗಿಗೆ ಮಾತ್ರ ಒಳ್ಳೆ ಬೆಲೆ. ಆದ್ದರಿಂದ ಹಿತ್ತಿಲಿನ ಮರಗಳ ಕಾಯೆಲ್ಲ ವ್ಯಾಪಾರಿಯ ಚೀಲಕ್ಕೆ ಹೋಯಿತು. ಸ್ವಂತ ಮರ ಇದ್ದೂ ಕಾಮಾಕ್ಷಮ್ಮ ಕಾಯಿ ಇಲ್ಲದ ಸಾರು ಕುದಿಸಿದಳು.

ಮನೆಯ ಕಷ್ಟ ಎಂದ ಮೇಲೆ ಅದನ್ನು ಹೊರುವುದರಲ್ಲಿ ಅವಳು ಹಿಂದೆ ಬೀಳಲಿಲ್ಲ. ತುಪ್ಪ ನಿಂತಿತು. ಕಡಲೆಬೀಜದ ಚಟ್ನಿ ನಿಂತಿತು. ಮೊಸರು ಗಂಡನಿಗೂ ಮಗನಿಗೂ ಉಳಿಯಲಿ ಎಂದು ತಾನು ನೀರುಮಜ್ಜಿಗೆಯಲ್ಲಿ ಊಟ ಮುಗಿಸಿದಳು. ಸೊಸೆ “ನಂಗೆ ಬ್ಯಾಡ ಅತ್ತೆ, ಒಟ್ಟೆ ತುಂಬೈತೆ” ಎಂದು ತಟ್ಟೆ ಎತ್ತಿಕೊಂಡು ಹೋಗುವಾಗಲೆಲ್ಲ ಕಾಮಾಕ್ಷಮ್ಮನಿಗೆ ಉರಿಯುತ್ತಿತ್ತು. ಹೊಲಿಗೆ ಮಿಷನ್ ಮುಂದೆ ಇಡೀ ದಿನ ಕೂತು ಬಂದವಳ ಹೊಟ್ಟೆ ಒಂದು ಮುದ್ದೆಗೆ ತುಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಯುಗಾದಿಯ ದಿನ ಒಬ್ಬಟ್ಟು ತಟ್ಟುತ್ತಾ ಅವಳು ಹಿಂದಿನ ಯುಗಾದಿಗಳನ್ನೆಲ್ಲ ನೆನೆದಳು. ಮಳೆ ಕೈಕೊಟ್ಟ ವರ್ಷವೂ, ಮಾವ ತೀರಿಕೊಂಡ ವರ್ಷವೂ, ಕೊರೊನಾ ಎಂದು ಬೀದಿಗೆ ಬೇಲಿ ಕಟ್ಟಿದ ವರ್ಷವೂ ತೊಡಕಿನ ಒಲೆ ಆರಿರಲಿಲ್ಲ. ಆ ಕೊರೊನಾ ವರ್ಷ ಗುಡ್ಡೆಯನ್ನು ಮನೆ ಮನೆ ಬಾಗಿಲಿಗೆ ಇಟ್ಟು ಹೋಗಿದ್ದರು. ಮನೆ ಇಷ್ಟು ಸೋತಿರಬೇಕಾದರೆ ಗಂಡನ ಎದೆಯಲ್ಲಿ ಎಷ್ಟು ಭಾರ ಇರಬಹುದು ಎಂದುಕೊಂಡು, ಹೂರಣದಲ್ಲಿ ಬೆಲ್ಲ ಸ್ವಲ್ಪ ಕಮ್ಮಿಯಾಗಿದ್ದಕ್ಕೂ ಅವಳು ಗೊಣಗಲಿಲ್ಲ. ಅವನ ಎಲೆಗೆ ಮೂರು ಒಬ್ಬಟ್ಟು ಹಾಕಿ, ತಾನು ಒಂದಕ್ಕೆ ಕೈ ತೊಳೆದಳು.

ತೊಡಕಿನ ದಿನ ಬೆಳಗ್ಗೆಯೇ ಅಪ್ಪ ಮಗ ಇಬ್ಬರೂ ಸ್ನಾನ ಮಾಡಿ ಹೊರಟು ನಿಂತಿದ್ದರು.

“ಅರಕಲಗೂಡು ಕಡೆ ಬಿತ್ತನೆ ಶುಂಠಿ ನೋಡ್ಕಂಡ್ ಬತ್ತೀವಿ. ಮಧ್ಯಾನಕ್ಕೆ ಕಾಯ್ಬ್ಯಾಡಿ” ಎಂದ ಚನ್ನಪ್ಪ.

ತೊಡಕಿನ ದಿನ ಶುಂಠಿ ನೋಡಲು ಯಾರಾದರೂ ಹೋಗುತ್ತಾರೆಯೇ ಎಂದು ಅವಳಿಗೆ ಅನಿಸಿತು. ಆಮೇಲೆ, ಇವತ್ತು ಕೆಲಸಕ್ಕೆ ಹೊರಟರೆ ವರ್ಷವೆಲ್ಲ ಕೆಲಸ ಸಿಗಲಿ ಎಂಬ ಆಸೆ ಇರಬೇಕು ಎಂದುಕೊಂಡಳು. ಹಬ್ಬಕ್ಕೆಂದು ತಂದಿದ್ದ ತುಪ್ಪದಲ್ಲಿ ಉಳಿದಿದ್ದನ್ನೆಲ್ಲ ಬಳಿದು ಸವರಿ, ನಾಲ್ಕು ಒಬ್ಬಟ್ಟು ಕಾಗದದಲ್ಲಿ ಸುತ್ತಿ ಮಗನ ಕೈಗೆ ಕೊಟ್ಟಳು. ಮೋಹನ ಅದನ್ನು ತೆಗೆದುಕೊಳ್ಳುವಾಗ ಅವಳ ಮುಖ ನೋಡಲಿಲ್ಲ.

ಬಿಸಿಲೇರುವ ಹೊತ್ತಿಗೆ ಮೊಟ್ಟೆ ಬೇಯಲು ಇಟ್ಟು, ಚೂರು ಚೆಕ್ಕೆ ಲವಂಗ ತರಲು ಗಂಗಾಧರಯ್ಯನ ಅಂಗಡಿಗೆ ಹೋದಳು. ಗಂಗಾಧರಯ್ಯ ಲಿಂಗ ಕಟ್ಟಿದವರು. ಅಂಗಡಿಯಲ್ಲಿ ಮೊಟ್ಟೆಯನ್ನೂ ಇಡುವವರಲ್ಲ. ಆದರೆ ಊರಿನ ಬಾಡಿಗೆಲ್ಲ ಮಸಾಲೆ ಹೋಗುವುದು ಅವರ ತಕ್ಕಡಿಯಿಂದಲೇ.

“ಬನ್ನಿ ಕಾಮಾಕ್ಷಮ್ಮ. ಇನ್ನೂ ಏನಾದ್ರೂ ಮರ್ತೋಗಿತ್ತಾ? ಮೋಹನ ಬೆಳಗ್ಗೇನೇ ಬಂದು ಎಲ್ಲಾ ತಗಂಡೋದ್ನಲ್ಲ” ಎಂದರು ಅವರು.

“ಏನ್ ತಗಂಡೋದ ಸ್ವಾಮಿ?”

“ಚೆಕ್ಕೆ, ಲವಂಗ, ಮರಾಟಿ ಮೊಗ್ಗು, ಗಸಗಸೆ. ಎರಡು ಗಿಟುಕು ಕೊಬ್ಬರಿ. ದೇವಯ್ಯನ ತೋಟದಲ್ಲಿ ಅಡಿಗೆ ಅಂದ. ಮನೆಯೋರೆಲ್ಲಾ ಅಲ್ಲಿಗೇ ಓಗ್ತಿದೀರಿ ಅಂದ್ಕಂಡೆ ನಾನು.”

ಹೇಳಿದ ಮೇಲೆ ಅವರಿಗೆ ಏನೋ ಹೊಳೆದಿರಬೇಕು. ಕಾಮಾಕ್ಷಮ್ಮನ ಮುಖ ನೋಡಿ, ಒರೆಸಿದ್ದ ತಕ್ಕಡಿಯನ್ನೇ ಮತ್ತೆ ಒರೆಸತೊಡಗಿದರು.

ಅವಳು ಏನನ್ನೂ ಕೊಳ್ಳದೆ ಹಿಂದಿರುಗಿದಳು. ದಾರಿಯಲ್ಲಿ ಒಂದೊಂದು ಮನೆಯಿಂದ ಒಂದೊಂದು ವಾಸನೆ. ಒಂದು ಕಡೆ ಬೋಟಿ ಹುರಿಯುತ್ತಿದ್ದರು, ಇನ್ನೊಂದು ಕಡೆ ತಲೆ ಸುಡುತ್ತಿದ್ದರು. ಅಷ್ಟು ಹೊತ್ತೂ ಅವಳ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಗಸಗಸೆ. ಸಂಕ್ರಾಂತಿಗೆ ಒಂದು ಚಿಟಿಕೆ ಗಸಗಸೆ ಬೇಕೆಂದಾಗ, ಕಾಲ ಎಂಥದು ಅಂತ ಗೊತ್ತಿಲ್ವಾ ಎಂದು ಇದೇ ಗಂಡ ಬೈದಿದ್ದ.

ಮನೆಯಲ್ಲಿ ಆಶಾರಾಣಿ ಮೊಟ್ಟೆ ಸುಲಿಯುತ್ತಾ ಕೂತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದಳು. ಸೊಸೆ ತಲೆ ಎತ್ತಲಿಲ್ಲ.

“ನಿಂಗೆ ಗೊತ್ತಿತ್ತಾ?” ಎಂದಳು ಕಾಮಾಕ್ಷಮ್ಮ.

“ಯೋಳ್ಬ್ಯಾಡ ಅಂದಿದ್ರು ಅತ್ತೆ.” ಆಶಾರಾಣಿ ಇನ್ನೊಂದು ಮೊಟ್ಟೆ ಕೈಗೆತ್ತಿಕೊಂಡಳು. “ಓಟಿ ಮಾಡಿದ್ ದುಡ್ಡು ಇತ್ತು. ಅದ್ನ ಇಸ್ಕಂಡ್ರು. ಬುಡಿ ಅತ್ತೆ, ಗಂಡಸ್ರು. ವರ್ಸಕ್ಕೆ ಒಂದ್ ದಿನ.”

ಕಾಮಾಕ್ಷಮ್ಮನಿಗೆ ಮೊದಲು ಸಿಟ್ಟು ಬಂದದ್ದು ಸೊಸೆಯ ಮೇಲೆ.

“ಬುಡಿ ಅನ್ನಾಕೆ ನಿಂಗ್ಯಾರು ಕಲ್ಸಿದ್ರು? ದುಡಿದೋಳು ನೀನು. ಮಿಷನ್ ತುಳ್ದು ತುಳ್ದು ಕಾಲು ಊದ್ಕಂಡು ಬತ್ತೀಯ. ಆ ದುಡ್ಡಲ್ಲಿ ಬಾಡು ಉಣ್ಣಾರು ಅವ್ರು, ಇಲ್ಲಿ ಮೊಟ್ಟೆ ಸುಲಿಯೋಳು ನೀನು. ಅದ್ಕೂ ಬುಡಿ ಅಂತೀಯ?”

ಆಶಾರಾಣಿಯ ಕಣ್ಣು ತುಂಬಿತು. ಅದನ್ನು ಕಂಡು ಕಾಮಾಕ್ಷಮ್ಮನ ಸಿಟ್ಟು ತಣ್ಣಗಾಗಲಿಲ್ಲ, ದಿಕ್ಕು ಬದಲಿಸಿತು. ಒಲೆಗೆ ನೀರು ಚಿಮುಕಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಎದ್ದೇಳು” ಎಂದಳು. “ಎಲ್ಲಿಗೆ” ಎಂದು ಸೊಸೆ ಕೇಳಿದಳು. “ಉಣ್ಣಾಕೆ” ಎಂದು ಅತ್ತೆ ಬೀದಿಗಿಳಿದಳು.

ದೇವಯ್ಯನ ತೆಂಗಿನ ತೋಟ ನಾಲೆಯ ಆಚೆ. ಏರಿಯ ಮೇಲೆ ನಡೆಯುವಾಗಲೇ ಹೊಗೆ ಕಾಣಿಸಿತು. ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಟಾರ್ಪಾಲು ಹಾಸಿ ಗಂಡಸರು ಸುತ್ತ ಕೂತಿದ್ದರು: ಚನ್ನಪ್ಪ, ಮೋಹನ, ತೋಟದ ಯಜಮಾನ ದೇವಯ್ಯ, ನೆರೆಮನೆಯ ನಂಜಪ್ಪ, ಇನ್ನೂ ಒಂದಿಬ್ಬರು. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆ. ಎಲೆಗಳ ಮೇಲೆ ರಾಶಿ ಮೂಳೆ. ನಂಜಪ್ಪ ನಲ್ಲಿ ಮೂಳೆಯೊಂದನ್ನು ಕೈಯಲ್ಲಿ ಹಿಡಿದು ಹೇಳುತ್ತಿದ್ದ.

“ಇಂಥ ಕಷ್ಟದ ವರ್ಸ ನಾನ್ ಕಂಡಿಲ್ಲ ಕಣ್ಲಾ ದೇವಯ್ಯ. ಜನ ಎಂಗ್ ಬದುಕಾದು ಅಂತೀನಿ.”

ಹೇಳಿ ಮೂಳೆಯನ್ನು ತುಟಿಗಿಟ್ಟು ಎಳೆದವನು, ಮುಂದೆ ಬಂದು ನಿಂತ ಹೆಂಗಸರನ್ನು ಕಂಡು ಹಾಗೆಯೇ ಕೂತ. ಯಾರೋ ಒಂದು ಬಾಟಲಿಯನ್ನು ಟಾರ್ಪಾಲಿನ ಅಡಿಗೆ ಸರಿಸಿದರು. ಪಂಪ್‌ಸೆಟ್ ಮನೆಯ ಮೊಳೆಗೆ ಒಬ್ಬಟ್ಟಿನ ಪೊಟ್ಟಣ ನೇತಾಡುತ್ತಿತ್ತು. ಅದರ ದಾರವನ್ನೂ ಬಿಚ್ಚಿರಲಿಲ್ಲ. ಕಾಮಾಕ್ಷಮ್ಮ ಅದನ್ನು ನೋಡಿದಳು. ಅವಳು ಅದನ್ನು ನೋಡಿದ್ದನ್ನು ಮೋಹನನೂ ನೋಡಿದ.

“ಇಲ್ಲಿಗ್ಯಾಕೆ ಬಂದೆ?” ಎಂದ ಚನ್ನಪ್ಪ. “ಗಂಡಸ್ರು ಕೂತಿರೋ ಜಾಗ ಇದು.”

ಅವಳು ಟಾರ್ಪಾಲಿನ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

“ಆಶಾ, ಕೂತ್ಕೊ. ಮೋಹನ, ಎರಡು ಎಲೆ ಆಕು.”

“ಅವ್ವ, ಎಲ್ಲಾರ ಮುಂದೆ ಮಾನ ತೆಗೀಬ್ಯಾಡ” ಎಂದು ಮೋಹನ ಮೆಲ್ಲಗೆ ಹೇಳಿದ.

“ಎಲೆ ಆಕು ಅಂದೆ.”

ದೇವಯ್ಯನೇ ಎದ್ದು ಎಲೆ ಹಾಕಿದ. “ತಪ್ಪು ತಿಳೀಬ್ಯಾಡಿ ಅತ್ತಿಗೆ, ಎಲ್ಲಾ ಸೇರಿ ಸುಮ್ಕೆ ಇಂಗೆ” ಎಂದು ಏನೇನೋ ಹೇಳುತ್ತಾ ಮುದ್ದೆ ಇಟ್ಟು, ಬಾಡು ಬಡಿಸಿದ. ಕಾಮಾಕ್ಷಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಗಸಗಸೆ ಉರೀದಂಗೆ ಅರೆದಿದ್ದೀರ. ಮಸಾಲೆ ಹಸಿ ಹಸಿ. ಈಲಿನೂ ಬಾಡ್ ಜೊತೇಲೆ ಆಕಿ ಚಪ್ಲಿ ಮಾಡಿದ್ದೀರ” ಎಂದಳು. ಅವಳ ದನಿ ಏರಿರಲಿಲ್ಲ. “ಎಳೇ ಮರಿ. ಒಳ್ಳೇ ಮರಿ ಸಿಕ್ಕಿತ್ತು ನಿಮ್ಗೆ. ಕದ್ದು ಉಣ್ಣಾಕೆ ಬಂದೋರು ಬೇಯ್ಸಿನಾದ್ರೂ ಉಣ್ಬಾರ್ದಿತ್ತಾ?”

ಸಿಟ್ಟಿನಲ್ಲಿ ಊಟ ಇಳಿಯುವುದಿಲ್ಲ ಎನ್ನುವವರಿದ್ದಾರೆ. ಕಾಮಾಕ್ಷಮ್ಮನಿಗೆ ಹಾಗಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಾಯಿಗೆ ಸಿಕ್ಕ ಬಾಡು ಅದು, ಕೆಟ್ಟ ಅಡಿಗೆಯಾದರೂ. ಅವಳು ಅವಸರವಿಲ್ಲದೆ ಉಂಡಳು. ಪಾತ್ರೆಯೊಳಗೆ ಸೌಟು ಬಿಟ್ಟು ಕೆದಕಿ, ಮೆತ್ತಗಿನ ತೊಡೆಯ ತುಂಡುಗಳನ್ನೂ ಇದ್ದೊಂದು ನಲ್ಲಿ ಮೂಳೆಯನ್ನೂ ಸೊಸೆಯ ಎಲೆಗೆ ಹಾಕಿದಳು. ಆಶಾರಾಣಿ ಮೊದಲು ತಲೆ ತಗ್ಗಿಸಿಕೊಂಡು ಬೆರಳಲ್ಲಿ ಕದಡುತ್ತಿದ್ದಳು. ಆಮೇಲೆ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಗಂಡನ ಕಡೆ ನೋಡದೆ ಎಲೆ ಖಾಲಿ ಮಾಡಿ ಹೇಳಿದಳು: “ಇನ್ನೊಂದ್ ಚೂರು ಆಕಿ ಅತ್ತೆ.”

ಮದುವೆಯಾಗಿ ಬಂದಾಗಿನಿಂದ ಅವಳು ಎರಡನೇ ಸಲ ಕೇಳಿ ಬಡಿಸಿಕೊಂಡದ್ದು ಅದೇ ಮೊದಲು.

ಚನ್ನಪ್ಪನಿಗೆ ತಡೆಯಲಾಗಲಿಲ್ಲ. “ಒಂದ್ ದಿನ ಸ್ನೇಹಿತ್ರು ಸೇರಿ ಉಂಡ್ರೆ ಮನೆ ಮುಳುಗೋಯ್ತಾ? ವರ್ಸೆಲ್ಲಾ ಮಣ್ಣಲ್ಲಿ ಬಿದ್ದು ಒದ್ದಾಡ್ತೀನಿ ನಾನು. ಒಟ್ಟೆಬಾಕಿ ಬುದ್ಧಿ ಬುಡ್ನಿಲ್ಲ ನೀನು” ಎಂದು ಕೂಗಿದ.

ಕಾಮಾಕ್ಷಮ್ಮ ಎಲೆ ಮಡಚಿದಳು. ಈವರೆಗೆ ಗಂಡನನ್ನು ನಾಲ್ಕು ಜನರ ಮುಂದೆ ಏಕವಚನದಲ್ಲಿ ಮಾತಾಡಿಸಿದವಳಲ್ಲ.

“ನೋಡು, ನೀನು ಬಾಡು ಉಂಡೆ ಅಂತ ಅಲ್ಲ ನಂಗೆ ಸಿಟ್ಟು. ಕಷ್ಟ ಅಂದೆ, ನಂಬಿದೆ. ತುಪ್ಪ ಬುಟ್ಟೆ, ಕಾಯಿ ಬುಟ್ಟೆ, ಮೊಸ್ರು ಬುಟ್ಟೆ. ನಿನ್ ಬೆನ್ ನೋಡಿ ಪಾಪ ಅಂದ್ಕಂಡೆ. ಕಷ್ಟ ನಿಜಾನೇ. ಶುಂಠಿ ಓಯ್ತು, ಅದು ಸುಳ್ಳಲ್ಲ. ಆದ್ರೆ ಬಂದ ಕಷ್ಟ ಮನೆಗೆಲ್ಲಾ ಬಂದಿದ್ದು. ಅಡಿಗೆಮನೆಗೆ ಮಾತ್ರ ಬಂದಿದ್ದಲ್ಲ. ಅದ್ನೂ ಗುಡ್ಡೆ ಆಕು. ನಂಗೊಂದು ಪಾಲು, ನಿಂಗೊಂದು ಪಾಲು. ನಾವು ಒಳ್ಗೆ ಒಟ್ಟೆ ಕಟ್ಟಾದು, ನೀವು ತ್ವಾಟದಲ್ಲಿ ಮೂಳೆ ಚೀಪಾದು. ಇದ್ಯಾವ ಲೆಕ್ಕ?”

ನಂಜಪ್ಪ ಕೈಯಲ್ಲಿದ್ದ ಮೂಳೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದ.

ಪಾತ್ರೆಯಲ್ಲಿ ಇನ್ನೂ ಅರ್ಧದಷ್ಟು ಬಾಡಿತ್ತು. ಸಂಜೆಗೆಂದು ಉಳಿಸಿಕೊಂಡದ್ದು. ಕಾಮಾಕ್ಷಮ್ಮ ಎದ್ದು, ಸೆರಗಿನಲ್ಲಿ ಹಿಡಿದು ಆ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಆಶಾರಾಣಿ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಅದನ್ನು ಮೋಹನನ ಲಗೇಜ್ ಆಟೋಗೆ ಎತ್ತಿಟ್ಟು ಹಿಂದೆ ಹತ್ತಿ ಕೂತರು. “ಬಾ, ಗಾಡಿ ತೆಗಿ” ಎಂದಳು ತಾಯಿ. ಮೋಹನ ಅಪ್ಪನ ಮುಖ ನೋಡಿದ, ಅವ್ವನ ಮುಖ ನೋಡಿದ, ಎದ್ದು ಬಂದು ಗಾಡಿ ತೆಗೆದ.

ಅವರು ಮೊದಲು ನಿಂತದ್ದು ದೇವಯ್ಯನ ಮನೆಯ ಮುಂದೆ. ಅಲ್ಲಿಯೂ ಅಂದು ಗುಡ್ಡೆ ಬಂದಿರಲಿಲ್ಲ. ಕಾಳು ಸಾರು ಮಾಡಿದ್ದರು. ದೇವಯ್ಯನ ಹೆಂಡತಿ ನಡೆದದ್ದನ್ನೆಲ್ಲ ಕೇಳಿ ಸೌಟಿನ ಕಡೆ ತಿರುಗಿಯೂ ನೋಡಲಿಲ್ಲ.

“ನಿಂಗ್ಯಾಕೆ ಬೇಕಿತ್ತು ಕಾಮಾಕ್ಷಿ ಈ ರಾದ್ಧಾಂತ? ಗಂಡಸ್ರು ಉಂಡ್ಕಳ್ಲಿ. ನಿನ್ ನಾಲ್ಗೆ ಚಪಲಕ್ಕೆ ಊರ್ ಮುಂದೆ ಎಲ್ಲಾರ್ ಮರ್ಯಾದೆನೂ ಕಳ್ದೆ” ಎಂದು ಬಾಗಿಲು ಹಾಕಿಕೊಂಡಳು.

ತೋಟದಲ್ಲಿ ಗಂಡ ಕೂಗಿದಾಗ ಆಗದ ನೋವು ಕಾಮಾಕ್ಷಮ್ಮನಿಗೆ ಈಗ ಆಯಿತು. ಸೌಟು ಪಾತ್ರೆಗೆ ಬಡಿದಂತೆ ಹಾಕಿ, “ನಡಿ” ಎಂದಳು.

ನಂಜಪ್ಪನ ಹೆಂಡತಿ ಏನೂ ಕೇಳಲಿಲ್ಲ. ಗಾಡಿಯನ್ನೂ ಪಾತ್ರೆಯನ್ನೂ ಆಶಾರಾಣಿಯ ಮುಖವನ್ನೂ ನೋಡಿ ಒಳಗೆ ಹೋದಳು. ಬರುವಾಗ ಬಟ್ಟಲು ತರಲಿಲ್ಲ, ಅನ್ನ ಮಾಡುವ ದೊಡ್ಡ ತಪ್ಪಲೆಯನ್ನೇ ತಂದಳು. ತುಂಬಿಸಿಕೊಂಡು, ಅಲ್ಲೇ ಹೊಸ್ತಿಲಲ್ಲಿ ನಿಂತು ಒಂದು ತುಂಡು ಬಾಯಿಗೆ ಹಾಕಿಕೊಂಡಳು.

“ಮಸಾಲೆ ಬೆಂದಿಲ್ಲ” ಎಂದಳು.

“ಅದ್ನೇ ನಾನೂ ಅಂದಿದ್ದು” ಎಂದಳು ಕಾಮಾಕ್ಷಮ್ಮ. “ಒಸಿ ಕುದ್ಸ್ಕೊ.”

ಉಳಿದದ್ದನ್ನು ಮನೆಗೆ ತಂದು, ಹುರಿದ ಕೊಬ್ಬರಿ ಮೆಣಸು ಅರೆದು ಹಾಕಿ ಅವಳು ಮತ್ತೆ ಕುದಿಸಿದಳು. ಬೆಂದ ಮೊಟ್ಟೆಗಳನ್ನೂ ಅದರೊಳಗೇ ಬಿಟ್ಟಳು. ಅತ್ತೆ ಸೊಸೆ ಇಬ್ಬರೂ ಸಂಜೆ ಬೆಳಕಿರುವಾಗಲೇ ಇನ್ನೊಂದು ಸಲ ಉಂಡರು. ಆಗ ಅದು ತೊಡಕಿನ ಬಾಡಾಯಿತು ಎಂದು ಕಾಮಾಕ್ಷಮ್ಮನಿಗೆ ಅನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಉಂಡ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತಿತು.

ಊರಿನಲ್ಲಿ ಬಹಳ ದಿನ ಅದೇ ಮಾತು. ತೋಟಕ್ಕೆ ನುಗ್ಗಿ ಗಂಡಸರ ಎಲೆ ಕಿತ್ತುಕೊಂಡಳು ಎಂದು ಕೆಲವರು, ಕುಡಿದಿದ್ದಳು ಎಂದು ಇನ್ನು ಕೆಲವರು. ದೇವಯ್ಯನ ಹೆಂಡತಿ ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದಳು. ಚನ್ನಪ್ಪ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳೇ ಬಂದು ಸಮಾಧಾನ ಮಾಡುತ್ತಾಳೆ ಎಂದು ಕಾದ. ಅವಳು ಬರಲಿಲ್ಲ. ವ್ಯಾಪಾರಿ ಕಾಯಿಗೆ ಬಂದ ದಿನ ಅವನ ಚೀಲಕ್ಕೆ ಬೀಳುವ ಮೊದಲೇ ಒಂದು ಮಂಕರಿ ಕಾಯಿ ಒಳಗೆ ಎತ್ತಿಟ್ಟಳು. “ಇದು ಸಾರಿಗೆ” ಎಂದು ವ್ಯಾಪಾರಿಗೇ ಹೇಳಿದಳು. ಚನ್ನಪ್ಪ ಕೇಳಿಸಿಕೊಂಡು ಬೀಡಿ ಹಚ್ಚಿದ. ಆಶಾರಾಣಿಯ ಸಂಬಳ ಈಗ ಆಶಾರಾಣಿಯ ಹತ್ತಿರವೇ ಇತ್ತು. ಮೋಹನ ಕೇಳಿದ್ದ, ಅವಳು ಏತಕ್ಕೆ ಎಂದಿದ್ದಳು. ಬೆಳಗ್ಗೆ ವ್ಯಾನು ಹಾರನ್ ಹೊಡೆದರೂ ಎರಡನೇ ರೊಟ್ಟಿ ಮುಗಿಸಿಯೇ ಅವಳು ಏಳುತ್ತಿದ್ದಳು.

ಬಿಗಿ ಕಾಲವೇನೂ ಸಡಿಲವಾಗಲಿಲ್ಲ. ಶುಂಠಿ ಏಳಲಿಲ್ಲ. ಎಷ್ಟೋ ದಿನ ಉಪ್ಸಾರು ಮುದ್ದೆಯೇ ಊಟ. ಆದರೆ ಈಗ ನಾಲ್ಕು ತಟ್ಟೆಯನ್ನೂ ಒಟ್ಟಿಗೇ ಹಾಕುತ್ತಿದ್ದರು. ಮೊಸರು ಇದ್ದರೆ ನಾಲ್ವರಿಗೂ ಸ್ವಲ್ಪ ಸ್ವಲ್ಪ, ಇಲ್ಲದಿದ್ದರೆ ಯಾರಿಗೂ ಇಲ್ಲ.

ಹಾಗೆ ಕೂತಿದ್ದಾಗ ಒಂದು ದಿನ ಚನ್ನಪ್ಪ ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದ. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಬಾಯಿ ಬಿಟ್ಟು ಹೇಳಿದ:

“ಸಾರಿಗೆ ಉಪ್ಪು ಕಮ್ಮಿ ಆಗೈತೆ.”

“ಅಲ್ಲಿ ಗೂಡಲ್ಲೈತೆ, ತಗಂಡು ಆಕ್ಕೊ” ಎಂದು ಹೇಳಿ, ಕಾಮಾಕ್ಷಮ್ಮ ತನ್ನ ಮುದ್ದೆ ಮುರಿದಳು.

ಚನ್ನಪ್ಪ ಎಂಜಲು ಕೈಯನ್ನು ಎತ್ತಿಕೊಂಡು ಗೂಡಿನ ಕಡೆ ನೋಡಿದ. ಆಮೇಲೆ ಮಂಡಿಗೆ ಕೈ ಊರಿ ಎದ್ದ.